ಕೀಲೆಣ್ಣೆ ಹಚ್ಚಿದ ಬ್ರೇಕು

ಎಂಬತ್ತಮೂರನೇ ಇಸವಿಯಲ್ಲಿ ಜೋಳದ ರಾಶಿ ಮುಗಿದ ಕೂಡಲೇ ನಾನು ಗಂಡನ ಮೇಲೆ ಸಿಟ್ಟಾಗಿ ಹನುಮಸಾಗರದ ತವರಿಗೆ ಬಂದು ಕುಳಿತೆ. ಬಸ್ಸಿನಲ್ಲಿ ಬಂದೆ. ಅವರ ಕಾರಿನಲ್ಲಿ ಮತ್ತೆ ಕೂರುವುದಿಲ್ಲ ಎಂದು ಹೇಳಿಯೇ ಬಂದಿದ್ದೆ.

ನಮ್ಮ ಯಜಮಾನರು ಯಲಬುರ್ಗಾದಲ್ಲಿ ಕಾಳಿನ ವ್ಯಾಪಾರಿ. ಹಳೆಯ ಅಂಬಾಸಿಡರ್ ಒಂದನ್ನು ಕೊಂಡು, ಅದರ ರಿಪೇರಿಯನ್ನೆಲ್ಲ ಅಂಗಳದಲ್ಲಿ ತಾವೇ ಮಾಡುತ್ತಿದ್ದರು. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ಬ್ರೇಕಿನ ಲೈನರ್ ಸವೆದಾಗ ಗಾಲಿ ಬಿಚ್ಚಿ ಹೊಸದನ್ನು ಹಾಕಿದರು. ಹಾಕುವ ಮುಂಚೆ ಅದಕ್ಕೆ ಚೆನ್ನಾಗಿ ಕೀಲೆಣ್ಣೆ ಸವರಿದರು. ಒಕ್ಕಲುತನದ ಮನೆತನ, ಬಂಡಿಯ ಅಚ್ಚಿಗೆ ಎಣ್ಣೆ ಹಚ್ಚದೆ ಗಾಲಿ ಏರಿಸಿದರೆ ಮನೆಗೆ ಕೇಡು ಎಂದು ಅವರಪ್ಪ ಕಲಿಸಿದ್ದರು. ಬಂಡಿಗೆ ಅದು ಸರಿ. ತಿಕ್ಕಿ ಹಿಡಿಯಬೇಕಾದ ಬ್ರೇಕಿಗೆ ಎಣ್ಣೆ ಹಚ್ಚಿದರೆ ಅದು ಏನನ್ನು ಹಿಡಿದೀತು? ಮರುದಿನ ಕುಷ್ಟಗಿ ದಾರಿಯ ಇಳಿಜಾರಿನಲ್ಲಿ ಕಾರು ನಿಲ್ಲದೆ ಜಾಲಿ ಬೇಲಿಗೆ ನುಗ್ಗಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಂಡಸು, ಇಳಿದವರೇ ಗಾಲಿಯ ಬಳಿ ಕುಕ್ಕರಿಸಿ ಅದಕ್ಕೇನಾಯಿತೆಂದು ತಡವಿ ತಡವಿ ನೋಡಿದರು. ಪಕ್ಕದಲ್ಲಿ ಕುಳಿತವಳಿಗೆ ಏನಾಯಿತೆಂದು ಕೇಳಲಿಲ್ಲ. ನನ್ನ ಸಿಟ್ಟು ಅಷ್ಟೇ.

ತವರಿನಲ್ಲಿ ದಿನಾ ಮಧ್ಯಾಹ್ನ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಯಲಬುರ್ಗಾದ ಬಸ್ಸು ಬರುವುದು ಆಗಲೇ. ಹಸನಾದ ಜೋಳವನ್ನೇ ಎಷ್ಟು ಸಲ ಹಸನು ಮಾಡುತ್ತೀ ಎಂದು ಅವ್ವ ಬಸವಣ್ಣೆಮ್ಮ ನಗುತ್ತಿದ್ದಳು. ಅವರು ಬರಲಿ ಎಂದು ಜೀವ ಹಂಬಲಿಸುತ್ತಿತ್ತು. ಬಂದರೆ ಮಾತಾಡಬಾರದೆಂಬ ಹಠವೂ ಇತ್ತು.

ಯುಗಾದಿ ಹತ್ತಿರವಾದಾಗ ಅವರು ಆ ಬಸ್ಸಿನಿಂದ ಇಳಿದರು. ಹಠ ಮರೆತು, ಕಾರು ಯಾಕೆ ತರಲಿಲ್ಲ ಎಂದು ಕೇಳಿಬಿಟ್ಟೆ. ಮತ್ತೆ ಹೊಸ ಲೈನರ್ ಹಾಕಿದ್ದೇನೆ, ಎಣ್ಣೆ ಮುಟ್ಟಿಸಿಲ್ಲ, ಆದರೆ ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದರು. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಬಳಿ ಮಲಗಿ ತಿರುಪು ಸಡಿಲಿಸಬೇಕು. ನಮ್ಮ ಮನೆಯಲ್ಲಿ ಒತ್ತುವವಳು ಯಾವಾಗಲೂ ನಾನೇ.

“ಯಲಬುರ್ಗಾದಾಗ ಕಾಲಿದ್ದವರು ಯಾರೂ ಇಲ್ಲೇನ್ರಿ?” ಎಂದೆ.

“ಕಾಲು ಭಾಳ ಅದಾವ,” ಎಂದರು. “ಒತ್ತು ಅಂದ್ರ ಒತ್ತತಾರ. ನಿನ್ನಂಗ ಬೈಯೋರು ಯಾರೂ ಇಲ್ಲ.”

ನಗು ಬಂತು, ಮುಖ ತಿರುಗಿಸಿಕೊಂಡೆ. ಚೀಲ ಕಟ್ಟಿ ಅವರ ಜೊತೆ ಹೊರಟೆ. ಆದರೂ ನಿನಗೇನಾಯಿತು ಎಂಬ ಆ ಒಂದು ಮಾತನ್ನು ಅವರು ಕೇಳಲಿಲ್ಲವಲ್ಲ ಎಂಬ ಕೊರಗು ಊರು ಮುಟ್ಟುವವರೆಗೂ ಇತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಒತ್ತು, ಹಿಡಿ, ಬಿಡು ಎಂದು ಅವರು ಹೇಳಿದಂತೆ ಮಾಡಿದೆ. ಪೆಡಲು ಮೆಲ್ಲಗೆ ಬಿಗಿಯಾಗುತ್ತ ಬಂತು. ಕಲ್ಲಿನಂತಾದ ಮೇಲೂ ಅವರು ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಲೇ ಇದ್ದರು. ಗಾಳಿಯೆಲ್ಲ ಹೋದದ್ದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಗಾಲಿಯ ಕಡೆಯಿಂದ ದನಿ ಬಂತು.

“ಅವತ್ತು ನಿನಗ ಎಲ್ಲೆರ ಬಡದಿತ್ತೇನು?”

“ಮೊಣಕಾಲಿಗೆ ಬಡದಿತ್ರಿ.”

“ಯಾವ ಕಾಲು?”

“ಈಗ ಒತ್ತಿ ಹಿಡದೀನಲ್ರಿ, ಅದ.”

ತಿರುಪು ಬಿಗಿದು ಪಾನಾ ಕೆಳಗಿಟ್ಟ ಸಪ್ಪಳ ಕೇಳಿತು. ಆಮೇಲೆ, ಸಾಕು, ಕಾಲು ತೆಗೆ ಎಂದರು. ಇಷ್ಟು ದಿನ ಕಾದ ಮಾತು ಬಂದಿತ್ತು. ಅಷ್ಟು ಬೇಗ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಒತ್ತಿ ಹಿಡಿದೇ ಕುಳಿತೆ.