ಟ್ರಾಪ್‌ಮನ್ ಚಿಹ್ನೆ

ಹೊಸ ಡಾಕ್ಟರು ಬರೆದ ರೋಗದ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಸುಬಿಲಗ ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಬೆರಳಿಟ್ಟು ನೋಡಿದಳು. ಬಾಜೆಡೋವ್ ಎಂಬ ಕಾಯಿಲೆಯೇ ಅಲ್ಲಿರಲಿಲ್ಲ.

ರುಂಗ್ವೆ ಬೆಟ್ಟದ ಬುಡದ ಆ ಸಣ್ಣ ಆಸ್ಪತ್ರೆಯಲ್ಲಿ ದಾಖಲೆ ಕೋಣೆ ಅವಳದು. ಡಾಕ್ಟರು ಬರೆದ ರೋಗದ ಹೆಸರನ್ನು ಸರ್ಕಾರದ ಪಟ್ಟಿಯಲ್ಲಿ ಹುಡುಕಿ ಅದರ ಸಂಖ್ಯೆಯನ್ನು ಹಾಳೆಯ ಮೂಲೆಯಲ್ಲಿ ಬರೆಯುವುದು ಅವಳ ಹದಿನಾಲ್ಕು ವರ್ಷಗಳ ಕೆಲಸ. ಪಾರ್ಕಿನ್ಸನ್, ಹಾಡ್ಜ್‌ಕಿನ್, ಬರ್ಕಿಟ್ ಎಲ್ಲರೂ ಮನುಷ್ಯರೇ ಎಂದು ಅವಳಿಗೆ ಗೊತ್ತಿತ್ತು. ಡೀಸೆಲ್ ಕೂಡ ಒಬ್ಬಾತನ ಹೆಸರೇ ಎಂದು ಒಮ್ಮೆ ಆಂಬುಲೆನ್ಸ್ ಡ್ರೈವರ್‌ಗೆ ಹೇಳಿದ್ದಕ್ಕೆ, ಹಾಗಾದರೆ ಸೀಮೆಎಣ್ಣೆ ಯಾರ ಮಗ ಎಂದು ಅವನು ವಾರವಿಡೀ ಕಾಡಿದ್ದ.

ಈ ಹಾಳೆ ಮಾತ್ರ ಅವಳ ತಂಗಿ ಸೆಕೆಲಳದು. ಸೆಕೆಲ ಶಾಲೆಯಲ್ಲಿ ಟೀಚರ್. ಕುತ್ತಿಗೆ ಊದಿತ್ತು, ಕಣ್ಣು ಮುಂದಕ್ಕೆ ಬಂದಿತ್ತು, ಬೋರ್ಡಿನ ಮೇಲೆ ಬರೆದರೆ ಅಕ್ಷರ ನಡುಗುತ್ತಿತ್ತು. ಕುತ್ತಿಗೆಯ ಗಂಟು ತೆಗೆಯಲು ಗುರುವಾರ ಆಪರೇಷನ್ ಎಂದು ಹಿರಿಯ ಡಾಕ್ಟರ್ ಮ್ವಸಾಕ ಬರೆದಿದ್ದರು. ಅದರ ಕೆಳಗೆ ಹೊಸಬ ಕೊಂಬೊ ಬರೆದಿದ್ದ: ಬಾಜೆಡೋವ್ ರೋಗ, ನಾಡಿ ನೂರ ಮೂವತ್ತು, ಈಗ ಕತ್ತರಿಸಿದರೆ ಜೀವಕ್ಕೇ ಅಪಾಯ, ಮೊದಲು ಆರು ವಾರ ಮಾತ್ರೆ.

ಇಬ್ಬರಲ್ಲಿ ಒಬ್ಬರು ಅವಳ ತಂಗಿಯನ್ನು ಕೊಲ್ಲುವವರಿದ್ದರು. ಅನುಮಾನ ಹೋದದ್ದು ಕೊಂಬೊನ ಮೇಲೆ. ಪೆಂಬಾ ದ್ವೀಪದವನು, ಬಂದು ಎರಡು ತಿಂಗಳು. ಲೆನಿನ್‌ಗ್ರಾಡ್‌ನಲ್ಲಿ ಓದಿದ್ದನಂತೆ. ಅವನ ಸರ್ಟಿಫಿಕೇಟಿನ ರಷ್ಯನ್ ಅಕ್ಷರ ಆಸ್ಪತ್ರೆಯಲ್ಲಿ ಒಬ್ಬರಿಗೂ ಓದಲು ಬರುತ್ತಿರಲಿಲ್ಲ. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟಿನಿಂದ ಡಾಕ್ಟರಾಗಿದ್ದವನೊಬ್ಬ ಹಿಂದಿನ ವರ್ಷವಷ್ಟೇ ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿಬಿದ್ದಿದ್ದ. ಮ್ವಸಾಕರಾದರೋ ಸೆಕೆಲಳ ಕಷ್ಟದ ಹೆರಿಗೆಯಲ್ಲಿ ತಾಯಿ ಮಗು ಇಬ್ಬರನ್ನೂ ಉಳಿಸಿದವರು. ಅವರನ್ನು ಕೇಳಿದಾಗ ಅಂಥ ರೋಗವನ್ನೇ ತಾನು ಕೇಳಿಲ್ಲ ಎಂದರು.

“ಹೆಸರು ಕಟ್ಟೋದೇನು ಮಹಾ ಕಣಮ್ಮ, ಯಾರು ಬೇಕಾದ್ರೂ ಕಟ್ತಾರೆ.”

ಆ ಮಾತೇ ಅವಳಿಗೆ ದಾರಿ ತೋರಿಸಿತು. ಊರಿನವರಿಗೆ ಇಟ್ಟಿಗೆ ಸುಡಲು ಕಲಿಸಿದ ಜರ್ಮನ್ ಪಾದ್ರಿಯೊಬ್ಬನ ಸಮಾಧಿ ಚರ್ಚಿನ ಹಿಂದಿತ್ತು. ಕಲ್ಲಿನ ಮೇಲೆ ಟ್ರಾಪ್‌ಮನ್ ಎಂದು ಕೆತ್ತಿತ್ತು. ಅವಳು ಒಂದು ಖಾಲಿ ಫಾರಂನಲ್ಲಿ, ರೋಗದ ಲಕ್ಷಣವೊಂದರ ಹೆಸರೆಂಬಂತೆ, ‘ಟ್ರಾಪ್‌ಮನ್ ಚಿಹ್ನೆ: ಇದೆ / ಇಲ್ಲ’ ಎಂದು ಟೈಪ್ ಮಾಡಿ, ಮಂಗಳವಾರ ಕೊಂಬೊನ ಮುಂದಿಟ್ಟಳು. ಎಂಬೆಯಾ ಪಟ್ಟಣದ ದೊಡ್ಡಾಸ್ಪತ್ರೆಯವರು ಸೆಕೆಲಳ ಬಗ್ಗೆ ಕೇಳಿದ್ದಾರೆ ಎಂದಳು. ಇಲ್ಲದ ಚಿಹ್ನೆಗೆ ಇದೆ ಎಂದು ಗೀಟು ಹಾಕಿದರೆ ಕಳ್ಳ ಸಿಕ್ಕಂತೆ.

ಕೊಂಬೊ ಪೆನ್ನು ಕೆಳಗಿಟ್ಟ.

“ಟ್ರಾಪ್‌ಮನ್ನಾ? ನಂಗೊತ್ತಿಲ್ವಲ್ಲ ಅಕ್ಕ. ಎಲ್ಲಿ ನೋಡೋದಂತೆ, ಕಣ್ಣಲ್ಲೋ ಕೈಯಲ್ಲೋ?”

“ಡಾಕ್ಟ್ರಾಗಿ ನೀವೇ ಕೇಳಿದ್ರೆ?”

“ಗೊತ್ತಿಲ್ದಿರೋದನ್ನ ಹೆಂಗೆ ಬರೀಲಿ?”

ಬಾಜೆಡೋವ್ ಯಾರೆಂದು ಅವಳು ಕೇಳಿದಳು. ಜರ್ಮನಿಯ ಡಾಕ್ಟರ್, ರಷ್ಯನ್ ಪುಸ್ತಕಗಳಲ್ಲಿ ಈ ರೋಗಕ್ಕೆ ಅವನದೇ ಹೆಸರು ಎಂದ ಕೊಂಬೊ. ಐರ್ಲೆಂಡಿನ ಗ್ರೇವ್ಸ್ ಎಂಬಾತ ಅವನಿಗಿಂತ ಐದು ವರ್ಷ ಮೊದಲೇ ಬರೆದಿದ್ದನಂತೆ. ಇಂಗ್ಲಿಷಿನವರು ಗ್ರೇವ್ಸ್ ಹೆಸರನ್ನೇ ಹಿಡಿದರಂತೆ. ಅವಳು ಕೋಣೆಗೆ ಓಡಿ ಪಟ್ಟಿ ತೆಗೆದಳು. ಗ್ರೇವ್ಸ್ ಇತ್ತು, ಎದುರಿಗೆ ಸಂಖ್ಯೆಯೂ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಕಳ್ಳನೂ ಪುಸ್ತಕ ಓದಬಹುದಲ್ಲ.

ಟ್ರಾಪ್‌ಮನ್ ಎಂಬ ಚಿಹ್ನೆಯೇ ಇಲ್ಲ ಎಂದು ಮ್ವಸಾಕರ ಬಾಯಲ್ಲಿ ಕೇಳಿದರೆ ನೆಮ್ಮದಿಯಾದೀತೆಂದು ಅದೇ ಫಾರಂ ಅವರ ಮೇಜಿಗೆ ಒಯ್ದಳು. ಅವರು ಚಹಾ ಕುಡಿಯುತ್ತಿದ್ದರು.

“ಇದೆ, ಇದೆ. ಬರ್ಕೋ,” ಎಂದು ಅವರೇ ಗೀಟು ಹಾಕಿ ಸಹಿ ಮಾಡಿದರು.

“ನೀವು ನೋಡಿದ್ರಾ ಡಾಕ್ಟ್ರೇ?”

“ನಿನ್ನೆ ನಾನೇ ನೋಡ್ದೆ. ಎರಡೂ ಕಡೆ ಇದೆ.”

ಅವಳು ಫಾರಂ ಮಡಚಿ ಹಿಡಿದು ಹೊರಗೆ ಬಂದಳು. ಇಲ್ಲಿನ ಇಪ್ಪತ್ತೆರಡು ವರ್ಷಗಳ ಡಾಕ್ಟರಿಕೆಯಲ್ಲಿ ಈ ಮನುಷ್ಯ ನೋಡದೆಯೇ ನೋಡಿದೆನೆಂದು ಬರೆದದ್ದೆಷ್ಟು, ಅದರಲ್ಲಿ ತಾನು ಸಂಖ್ಯೆ ಹಾಕಿ ಕಟ್ಟಿಟ್ಟದ್ದೆಷ್ಟು? ಯಾರಿಗೆ ಹೇಳುವುದು? ಸುಳ್ಳು ಫಾರಂ ಮಾಡಿದವಳು ತಾನು. ಮೊದಲು ಹೋಗುವುದು ತನ್ನ ಕೆಲಸ. ಬುಧವಾರ ತಂಗಿಯ ಹತ್ತಿರ, ಕೊಂಬೊ ಹೇಳಿದ ಹಾಗೆ ಕಾಯೋಣ ಎಂದು ಹೇಳಿ ನೋಡಿದಳು. ಸೆಕೆಲ ಮುಖ ತಿರುಗಿಸಿದಳು. ಮ್ವಸಾಕರೆಂದರೆ ಅವಳಿಗೆ ದೇವರು.

ಗುರುವಾರ ಬೆಳಗ್ಗೆ ಏಳಕ್ಕೆ ಸುಬಿಲಗ ಬೇಯಿಸಿದ ಬಾಳೆಕಾಯಿ, ಅವರೆಕಾಳು ತುಂಬಿದ ಡಬ್ಬಿ ಹಿಡಿದು ವಾರ್ಡಿಗೆ ಬಂದಳು.

“ಏನೂ ತಿನ್ಬಾರ್ದು ಅಂದಿದಾರಕ್ಕ.”

“ಆಪರೇಷನ್ ಹೊತ್ತು ಮುಂದೆ ಹೋಗಿದೆ, ತಿನ್ನು.”

“ಯಾರಂದ್ರು?”

“ನಾನಂದೆ. ತಿನ್ನು ಮೊದ್ಲು.”

ಆ ರೋಗದ ಹಸಿವೇ ಅಂಥದ್ದು. ನರ್ಸ್ ಗಾಡಿ ತಳ್ಳಿಕೊಂಡು ಬರುವಷ್ಟರಲ್ಲಿ ಸೆಕೆಲ ಡಬ್ಬಿ ಮುಕ್ಕಾಲು ಖಾಲಿ ಮಾಡಿದ್ದಳು. ಹೊಟ್ಟೆ ತುಂಬಿದವರಿಗೆ ಅರಿವಳಿಕೆ ಕೊಡುವಂತಿಲ್ಲ. ನರ್ಸ್ ಬೈದಳು, ಮ್ವಸಾಕರೂ ಬಂದು ಬೈದರು. ದಾಖಲೆ ಕೋಣೆಯವಳಿಗೆ ಇಷ್ಟೂ ತಿಳಿಯದೇ ಎಂದರು. ಸುಬಿಲಗ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಆಪರೇಷನ್ ಮುಂದಿನ ಗುರುವಾರಕ್ಕೆ ಹೋಯಿತು.

ಮಾತ್ರೆಗೆ ತಂಗಿಯನ್ನು ಒಪ್ಪಿಸಲು ಏಳು ದಿನ ಸಿಕ್ಕಿದ್ದವು. ಮಧ್ಯಾಹ್ನ ಕೊಂಬೊ ಮಾತ್ರೆಗಳನ್ನು ತಂದಾಗ ಅವಳು ಅವನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಮಾತ್ರೆಯ ಪೊಟ್ಟಣ ಇಸಿದುಕೊಂಡು ಬೆಳಕಿಗೆ ಹಿಡಿದು, ಅದರ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಚೀಟಿಯಲ್ಲಿ ಬರೆದುಕೊಂಡು, ವಿಚಾರಿಸಲು ಔಷಧಿ ಅಂಗಡಿಯ ಕಡೆ ನಡೆದಳು.