ಗುರವ್ವನ ಗುರುವಾರಗಳು

ಜಾಮೀನು ಕೊಡಿಸಿ ಮೂರು ವಾರವಾದರೂ ವಕೀಲೆ ಶೋಭಾರಾಣಿಯ ಎದುರು ಗುರವ್ವ ಹೇಳುತ್ತಿದ್ದುದು ಒಂದೇ ಮಾತು. "ನಾ ಕದ್ದಿಲ್ರಿ ಮೇಡಮ್ಮಾರ. ಉಳಿದದ್ದು ಕೇಳಬ್ಯಾಡ್ರಿ."

ಬಾಗಲಕೋಟೆ ಕಡೆಯ ಗುರವ್ವ, ಲಕ್ವ ಹೊಡೆದು ಮಾತು ಬಿದ್ದುಹೋಗಿದ್ದ ವಿಜಯನಗರದ ಚನ್ನಮಲ್ಲಪ್ಪನವರನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಅವರ ತೀರಿಹೋದ ಹೆಂಡತಿಯ ಅವಲಕ್ಕಿ ಸರ ಬೀರುವಿನಿಂದ ಕಾಣೆಯಾದಾಗ ಮಗ ಗಿರಿರಾಜ್ ಪೊಲೀಸರನ್ನು ಕರೆಸಿ, ಇಡೀ ಬೀದಿ ನೋಡುತ್ತಿರುವಂತೆ ಅವಳನ್ನು ಜೀಪು ಹತ್ತಿಸಿದ್ದ.

ಶೋಭಾರಾಣಿ ದೂರನ್ನು ಮತ್ತೊಮ್ಮೆ ಓದಿದಳು. ಬೀಗ ಒಡೆದಿರಲಿಲ್ಲ. ಇದ್ದ ಒಂದೇ ಕೀ ಮುದುಕರ ಉಡಿದಾರದಲ್ಲಿತ್ತು, ಅದನ್ನು ಮುಟ್ಟಲು ಅವರು ಯಾರನ್ನೂ ಬಿಡುತ್ತಿರಲಿಲ್ಲ. ಹಾಗಾದರೆ ತೆಗೆದವರು ಅವರೇ.

"ಅವರನ್ನ ಹೊರಗೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ರಿ ಗುರವ್ವ?"

"ಗುರುವಾರ ಫಿಸಿಯೋಥೆರಪಿಗೆ ರೀ. ಇಲ್ಲೇ, ಮಾರ್ಕೆಟ್ ಹತ್ರ." ಹೇಳುವಾಗ ಅವಳು ತಲೆ ಎತ್ತಲಿಲ್ಲ.

ಶೋಭಾರಾಣಿ ಅವಳ ಮೆಟ್ರೋ ಕಾರ್ಡಿನ ವಿವರ ತೆಗೆಸಿ ನೋಡಿದಳು. ಪ್ರತಿ ಗುರುವಾರ ಕೆಂಗೇರಿಗೆ ಹೋಗಿ ಬಂದಿದ್ದರು.

"ಕೆಂಗೇರಿಯಲ್ಲಿ ಯಾರಿದಾರೆ?"

ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಜ್ಜಾರಿಗೆ ಆಣಿ ಮಾಡೀನ್ರಿ."

"ಆಣೆ ಮುರೀಬೇಡಿ. ನಾನು ಅವರನ್ನೇ ಕೇಳ್ತೀನಿ."

ಅಂದೇ ಸಂಜೆ ಶೋಭಾರಾಣಿ ಆ ಮನೆಗೆ ಹೋಗಿ, ಗಿರಿರಾಜನ ಎದುರೇ ಮುದುಕರ ಗಾಲಿಕುರ್ಚಿಯ ಪಕ್ಕ ಕುಳಿತಳು. "ಸಾರ್, ಗುರವ್ವ ಮೇಲೆ ಕಳ್ಳತನದ ಕೇಸಾಗಿದೆ. ಅವರು ಬಾಯಿ ಬಿಡ್ತಿಲ್ಲ. ಸರ ಕೆಂಗೇರಿಯಲ್ಲಿದೆಯಾ?"

ಗುರವ್ವ ಊರಿಗೆ ಹೋಗಿದ್ದಾಳೆಂದೇ ಮಗ ಅವರನ್ನು ನಂಬಿಸಿದ್ದ. ಮುದುಕರ ಕಣ್ಣು ತುಂಬಿತು. ಎಡಗೈ ಚಾಚಿ ಪೆನ್ನು ತೆಗೆದುಕೊಂಡು ವಕ್ರವಕ್ರವಾಗಿ ಎರಡಕ್ಷರ ಬರೆದರು: ಕಲಾ.

ಗಿರಿರಾಜ್ ಆ ಚೀಟಿ ಎತ್ತಿಕೊಂಡು ಓದಿದ. ಕಲಾ ಅವನ ತಂಗಿ. ಇಪ್ಪತ್ತೆರಡು ವರ್ಷದ ಹಿಂದೆ ಬೇರೆ ಜಾತಿಯವನನ್ನು ಮದುವೆಯಾದಳೆಂದು ಅಪ್ಪನೇ ಬಾಗಿಲು ಹಾಕಿದ್ದರು. ಹೀಗೊಬ್ಬ ಅತ್ತೆಯಿದ್ದಾಳೆಂದು ಗಿರಿರಾಜನ ಮಕ್ಕಳಿಗೆ ಗೊತ್ತೇ ಇರಲಿಲ್ಲ.

"ಅವಳ ಹೆಸರು ಎತ್ತಬೇಡಿ ಅಂದಿದ್ದು ಇವರೇ ಮೇಡಂ. ನಂಗೆ ಹೇಳಬಾರದಿತ್ತಾ?"

"ಹೇಳೋಕೆ ನಾಚಿಕೆ ಆಗಿರಬೇಕು," ಎಂದಳು ಶೋಭಾರಾಣಿ. ಮುದುಕರು ನಿಧಾನವಾಗಿ ತಲೆಯಾಡಿಸಿದರು.

ಮರುದಿನ ಕೆಂಗೇರಿಯಲ್ಲಿ ಬಾಗಿಲು ತೆರೆದ ಕಲಾ ಅಣ್ಣನನ್ನು ಕಂಡು ಬೆಚ್ಚಿದಳು. ವಿಷಯ ತಿಳಿದದ್ದೇ ಒಳಗೋಡಿ ಸರ ತಂದಳು. "ತಗೋ ಅಣ್ಣ, ಅಪ್ಪಾನೇ ತಂದು ಕೊಟ್ಟಿದ್ದು. ಅಪ್ಪ ಬರೋದು ನಿಂತೋಯ್ತು, ಫೋನ್ ಮಾಡೋಕೆ ಧೈರ್ಯ ಬರಲಿಲ್ಲ. ಕೇಸಾಗಿದ್ದು ಗೊತ್ತಿದ್ರೆ ಓಡಿ ಬರ್ತಿದ್ದೆ ಕಣೋ."

"ಅಮ್ಮಂದು ನಿನ್ನ ಹತ್ರಾನೇ ಇರಲಿ," ಎಂದ ಗಿರಿರಾಜ್.

ಕಳ್ಳತನವೇ ನಡೆದಿಲ್ಲವೆಂದು ಪೊಲೀಸರು ವರದಿ ಸಲ್ಲಿಸಿದರು. ಕೆಲಸಕ್ಕೆ ಮರಳಿ ಬಾ ಎಂದು ಗಿರಿರಾಜ್ ಕೇಳಿದಾಗ ಗುರವ್ವ ಒಂದೇ ಷರತ್ತು ಹಾಕಿದಳು. "ಎಲ್ಲಾರ ಮುಂದ ಕಳ್ಳಿ ಅಂದ್ರಿ. ಎಲ್ಲಾರ ಮುಂದ ತಪ್ಪಾತು ಅನ್ರಿ."

ಭಾನುವಾರ ಬೆಳಿಗ್ಗೆ ನೆರೆಹೊರೆಯವರನ್ನೆಲ್ಲ ಕರೆದು ಗಿರಿರಾಜ್ ನಡುಬೀದಿಯಲ್ಲಿ ಕೈಮುಗಿದ. "ಆತು ಬಿಡ್ರಿ," ಎಂದು ಗುರವ್ವ ಒಳನಡೆದಳು. ಅಡುಗೆಮನೆಯಲ್ಲಿ ಕಲಾ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಹೊರಡಲೆಂದು ಚಪ್ಪಲಿ ಮೆಟ್ಟಿದ್ದ ಶೋಭಾರಾಣಿ ಆ ಘಮಕ್ಕೆ ಸೋತು, ನಗುತ್ತಾ ಚಪ್ಪಲಿ ಬಿಟ್ಟಳು.