ಮಡುವಿನ ಹಗ್ಗ

ಅಂಗಳದ ಪೆಂಡಾಲನ್ನು ಹಿಂದಿನ ಸಂಜೆಯೇ ಬಿಚ್ಚಿಕೊಂಡು ಹೋಗಿದ್ದರು. ಗೂಟ ಕಿತ್ತ ತಗ್ಗುಗಳಿಗೆ ಅತ್ತೆ ಗೌರವ್ವ ಕಾಲಿನಿಂದ ಮಣ್ಣೆಳೆಯುತ್ತಿದ್ದರು. ನನ್ನ ಗಂಡ ಆಕಾಶನನ್ನು ಮಣ್ಣು ಮಾಡಿದ ಮೇಲೆ ಮನೆಯಲ್ಲಿ ನೆಂಟರಿಲ್ಲದ ಮೊದಲ ಮುಂಜಾನೆ ಅದು. ನಾನು ಕಾಲೇಜಿಗೆ ಹೊರಡಲು ಸೀರೆಯುಟ್ಟು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಶಿವಲಿಂಗ ಬೈಕು ನಿಲ್ಲಿಸಿ ಒಳಗೆ ಬಂದ. ನಮ್ಮ ಕಲ್ಮಡು ಗ್ರಾಮ ಪಂಚಾಯತಿಯ ಅಧ್ಯಕ್ಷೆ ಕಾಂತಾಳ ಗಂಡ ಅವನು. ಕುರ್ಚಿ ಅವಳದು, ಕುಳಿತುಕೊಳ್ಳುವವನು ಇವನು.

ಸ್ವಲ್ಪ ಹೊತ್ತು ಟವೆಲಿನಿಂದ ಮುಖ ಒರೆಸಿಕೊಂಡ. ಇನ್ನೊಮ್ಮೆ ಸಮಾಧಾನ ಹೇಳುತ್ತಾನೆ ಎಂದುಕೊಂಡೆ.

“ವೈನಿ, ನಿಮ್ಮ ಹಗ್ಗ ಸಡ್ಲ ಆಗೇತ್ರಿ,” ಎಂದ.

“ನಮ್ಮ ಹಗ್ಗ?”

“ಹೊಳ್ಯಾಗಿಂದ್ರಿ. ಒಂದ್ ಕಡೆ ಜೋತ್ ಬಿದ್ದೈತಿ. ರವಿವಾರ ಮಂದಿ ಬರ್ತಾರ. ಯಾರನ್ನರ ಕಳಿಸಿ ಬಿಗಿ ಮಾಡಿಸಿಬಿಡ್ರಿ.”

ಅತ್ತೆ ಕಾಲು ನಿಲ್ಲಿಸಿದರು. “ಅದನ್ನ ಪಂಚಾಯತಿ ಮಾಡಂಗಿಲ್ಲೇನೋ?”

“ಪಂಚಾಯತಿ ಐತಿ ಬಿಡಬೇ. ಆದ್ರ ಹಗ್ಗದ ಕೆಲಸ ಎಲ್ಲಾ ಆಕಾಶನ ನೋಡ್ತಿದ್ದ.”

ಹೇಳಿ ಹೋಗಿಬಿಟ್ಟ. ಚಹಾ ಬೇಡವೆಂದ. ಹೊಳೆಯ ಹಗ್ಗವನ್ನು ನಮ್ಮ ಮನೆಯ ಹೊಸ್ತಿಲಲ್ಲಿಟ್ಟು ಹೋದ ಹಾಗಿತ್ತು.

ಕಲ್ಮಡು ಇರುವುದು ಖಾನಾಪುರದಿಂದ ಸ್ವಲ್ಪ ಕೆಳಗೆ, ಮಲಪ್ರಭೆಯ ದಂಡೆಯಲ್ಲಿ. ಮಳೆಗಾಲದ ನೀರು ಇಳಿದ ಮೇಲೆ ಊರ ಕೆಳಗೆ ಉದ್ದಕ್ಕೆ ಮರಳು ಬೀಳುತ್ತದೆ. ಯಾರೋ ಫೋನಿನ ನಕ್ಷೆಯಲ್ಲಿ ಅದಕ್ಕೆ ‘ಕಲ್ಮಡು ಬೀಚ್’ ಎಂದು ಹೆಸರಿಟ್ಟರು. ಬೆಳಗಾವಿಯಿಂದ ಕಾರುಗಳು ಬರತೊಡಗಿದವು. ಸಮುದ್ರ ಘಟ್ಟದ ಆಚೆ, ಗೋವಾದಲ್ಲಿದೆ. ಊರವರು ಮೊದಮೊದಲು ನಕ್ಕರು. ಆಮೇಲೆ ರಾಯಪ್ಪ ಮಿರ್ಚಿಭಜಿಯ ಗಾಡಿ ಇಟ್ಟ. ಇನ್ನೊಬ್ಬ ಎಳನೀರು ಇಟ್ಟ. ಮತ್ತೊಬ್ಬ ಒಂಟೆ ತರುತ್ತೇನೆಂದು ಹೋಗಿ ಕುದುರೆ ತಂದ. ಈಗ ಪಂಚಾಯತಿ ಸಭೆಯಲ್ಲಿ ಗಟಾರದ ಮಾತು ಎತ್ತಿದರೂ ಅದು ಬೀಚಿಗೇ ಹೋಗಿ ಮುಟ್ಟುತ್ತದೆ.

ಮರಳು ಮುಗಿಯುವಲ್ಲಿ ಮಡು ಇದೆ. ಮೇಲೆ ನೀರು ಸುಮ್ಮನಿರುತ್ತದೆ. ಊರವರು ಅಲ್ಲಿ ಎಮ್ಮೆಯನ್ನೂ ಇಳಿಸುವುದಿಲ್ಲ. ದಸರೆಯ ರಜೆಯಲ್ಲಿ ಬೆಳಗಾವಿಯ ಹುಡುಗನೊಬ್ಬ ಅದರಲ್ಲಿ ಮುಳುಗಿದ್ದ. ಕೂದಲು ಕೈಗೆ ಸಿಕ್ಕಿದ್ದರಿಂದ ಉಳಿದ. ಆಗ ಮೇಲಿನಿಂದ ಆದೇಶ ಬಂತು: ಮಡುವಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರೆ ಮಾತ್ರ ಜನ ಮರಳಿಗೆ ಇಳಿಯಬಹುದು, ಇಲ್ಲವಾದರೆ ದಾರಿ ಬಂದ್. ಪಂಚಾಯತಿ ಹಗ್ಗ ಕೊಳ್ಳುವುದಾಗಿ ಠರಾವು ಮಾಡಿತು. ಠರಾವು ಬಂತು, ಹಗ್ಗ ಬರಲಿಲ್ಲ.

ಆಕಾಶ ಪಂಚಾಯತಿಯ ಮೆಂಬರ್ ಆಗಿದ್ದ. ರವಿವಾರ ದಾರಿ ಬಂದ್ ಆದರೆ ಗಾಡಿಯವರು ಏನು ಮಾಡಬೇಕು ಎಂದು ಶನಿವಾರ ಮದಾರಸಾಬರ ಮನೆಗೆ ಹೋದ. ಅವರು ಬಾವಿಗಳಿಂದ ಕೆಟ್ಟ ಮೋಟಾರು ಎತ್ತುವ ಕೆಲಸ ಮಾಡುತ್ತಾರೆ. ಅವರ ದಪ್ಪ ಹಗ್ಗವನ್ನು ಕಡ ತಂದು, ಖಾಲಿ ಎಣ್ಣೆ ಕ್ಯಾನುಗಳನ್ನು ಪೋಣಿಸಿ, ಈಚೆಯ ಮತ್ತಿಮರದಿಂದ ಆಚೆಯ ಬಂಡೆಯ ಗೂಟಕ್ಕೆ ಬಿಗಿದ. “ಪಂಚಾಯತಿದು ಬರೂತನಾ ಅಷ್ಟ,” ಎಂದಿದ್ದ.

ಅದು ದೀಪಾವಳಿಯ ಹೊತ್ತು. ಈಗ ಮಾವು ಕಾಯಿಕಟ್ಟಿದೆ. ಫೆಬ್ರವರಿಯ ಕೊನೆಯಲ್ಲಿ ಆಕಾಶನ ಹೃದಯ ನಿಂತಿತು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಶಿವಲಿಂಗ ಬಂದುಹೋದ ಆ ಮುಂಜಾನೆ ಕಾಲೇಜಿನ ಬಸ್ಸು ಬಿಟ್ಟು ಖಾನಾಪುರದಲ್ಲಿ ಸಂಬಂಧಪಟ್ಟ ಅಧಿಕಾರಿಯನ್ನು ಕಂಡೆ. ಪಂಚಾಯತಿಗೆ ಒಂದು ಹಗ್ಗ ಬೇಕು ಎಂದೆ. ಅವರು ಮರ್ಯಾದೆಯಿಂದ ಕೂರಿಸಿದರು. ಕಂಪ್ಯೂಟರಿನಲ್ಲಿ ಹುಡುಕಿದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಹಗ್ಗ ಕಟ್ಟೇವಿ ಅಂತ ನಿಮ್ಮ ಪಂಚಾಯತಿಯವರು ಫೋಟೋ ಕಳ್ಸ್ಯಾರಲ್ರಿ ಮೇಡಂ. ಕೆಲಸ ಮುಗದೈತಿ.”

ಫೋಟೋದಲ್ಲಿ ಆಕಾಶ ಇದ್ದ. ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದ. ಕೈಯಲ್ಲಿ ಹಗ್ಗದ ತುದಿ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು.

“ಅದು ಕಡ ತಂದದ್ದ್ರಿ,” ಎಂದೆ.

“ಯಾರದರ ಇರ್ಲ್ರಿ, ಕಟ್ಟಿದ್ದು ಖರೇ ಐತಲ್ರಿ? ಇರೂ ಹಗ್ಗಕ್ಕ ಮತ್ತೊಂದು ಹಗ್ಗ ಹೆಂಗ್ ಕೇಳೂದ್ರಿ?”

ತಪ್ಪು ಹುಡುಕಲು ಬರುವ ಮಾತಲ್ಲ. ಕಡದ ಹಗ್ಗ ಇರುವತನಕ ಸ್ವಂತದ ಹಗ್ಗ ಬರುವುದಿಲ್ಲ. ಬಸ್ಸಿನಲ್ಲಿ ಬೆಳಗಾವಿ ಮುಟ್ಟುವವರೆಗೂ ಇದೊಂದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಹಿಂದವಾಡಿಯ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಂದಿನ ಪಾಠ ಅಧಿಕಾರ ವಿಕೇಂದ್ರೀಕರಣ. ಕಲಿಸಿದೆ.

ಆ ವಾರ ಮದಾರಸಾಬರೂ ಅವರ ಹೆಂಡತಿ ರಾಜಬೀಯೂ ಮಾತಾಡಿಸಲು ಬಂದರು. ಮದಾರಸಾಬರು ಕಟ್ಟೆಯ ಮೇಲೆ ಕುಳಿತು ಬಿಸಿಲಿನ ಬಗ್ಗೆ ಹೇಳಿದರು. ಬಾವಿಗಳ ತಳ ಕಾಣುತ್ತಿರುವುದನ್ನು ಹೇಳಿದರು. ಕರೆಂಟು ಬಂದು ಹೋಗಿ ಮೋಟಾರು ಸುಡುವುದನ್ನು ಹೇಳಿದರು. ಹಗ್ಗದ ಹತ್ತಿರಕ್ಕೆ ಬಂದು ಬಂದು ಹಿಂದಕ್ಕೆ ಹೋಗುತ್ತಿದ್ದರು.

ನಾನೇ ಕೇಳಿದೆ. “ಕಾಕಾ, ಹಗ್ಗ ಬೇಕಾಗಿತ್ತೇನ್ರಿ?”

“ಛೇ, ಛೇ! ಇರ್ಲಿ ಬಿಡ್ರಿ ಯವ್ವಾ. ಆಕಾಶಪ್ಪ ಕೈಯಾರೆ ಕಟ್ಟಿದ್ದು.”

“ಇವ್ರು ಹಿಂಗ ನೋಡ್ರಿ,” ಎಂದರು ರಾಜಬೀ. “ಮನ್ಯಾಗ ನನ್ನ ಮುಂದ ದಿನಾ ಹಗ್ಗಾ ಹಗ್ಗಾ ಅಂತ ಒದರ್ತಾರ. ಬಾಡಿಗಿ ಹಗ್ಗ ತಂದು ಮೋಟಾರ್ ಎತ್ತಾಕತ್ತಾರ. ಇಲ್ಲಿ ಬಂದ್ರ ಬಿಸಲಿನ ಸುದ್ದಿ.”

“ಚುಪ್!” ಎಂದು ಮದಾರಸಾಬರು ಎದ್ದೇಬಿಟ್ಟರು. ಬಾಗಿಲಾಚೆ ಗಂಡ ಹೆಂಡತಿ ಜಗಳಾಡುತ್ತ ಹೋಗುವುದು ಬಹಳ ದೂರದವರೆಗೆ ಕೇಳಿಸಿತು.

ಹಕ್ಕಿದ್ದವರು ಕೇಳುವುದಿಲ್ಲ. ಹಕ್ಕಿಲ್ಲದವರು ದಿನವೂ ಕೇಳಿದರು. ಹಾಲಿನವನು ಹಗ್ಗ ಸಡಿಲಾಗಿದೆ ಎಂದ. ಕುದುರೆಯವನು ಕ್ಯಾನು ಒಡೆದಿದೆ ಎಂದ. ಗುಡಿಯಲ್ಲಿ ಸಿಕ್ಕ ಕಾಂತಾ ನನ್ನ ಕೈ ಹಿಡಿದು ಅತ್ತಳು. ಕಣ್ಣೊರೆಸಿಕೊಂಡು, “ಹಗ್ಗದ್ದೊಂದಿಷ್ಟು ನೋಡಕ್ಕಾ, ನಮ್ಮನಿಯವ್ರು ಹೇಳಂದ್ರು,” ಎಂದಳು.

ಮುಂದಿನ ಸಲ ಶಿವಲಿಂಗ ರಾಯಪ್ಪನನ್ನೂ ಕರೆದುಕೊಂಡು ಬಂದ.

“ವೈನಿ, ಸೀಟು ಖಾಲಿ ಆತಲ್ರಿ. ನೀವ ನಿಂದರ್ರಿ. ಎದುರು ಯಾರೂ ಅರ್ಜಿ ಹಾಕಂಗಿಲ್ಲ. ಹೋದವರ ಮನಿಗೇ ಬಿಡೂದು ನಮ್ಮೂರ ಪದ್ಧತಿ.”

“ನಿಂತು ಏನ್ ಮಾಡ್ಬೇಕ್ರಿ?”

“ಏನೂ ಮಾಡಬ್ಯಾಡ್ರಿ!” ಅವನಿಗೆ ನಿಜವಾಗಿಯೂ ನನ್ನ ಮೇಲೆ ಕರುಣೆ ಇತ್ತು. “ಸಹಿ ಮಾಡಿದ್ರ ಸಾಕು. ಕಾಂತಾನ ಕೇಳ್ರಿ ಬೇಕಾದ್ರ, ಆಕಿಗೆ ಏನರ ತ್ರಾಸ ಐತೇನು?”

“ಪಂಚಾಯತಿ ಹಗ್ಗ ತರ್ತದೇನ್ರಿ?”

“ಹಗ್ಗ ಐತಲ್ರಿ.”

ಒಳಗಿನಿಂದ ಅತ್ತೆ, “ಇವಂಗ ಚಹಾ ಕೊಡಬ್ಯಾಡ,” ಎಂದರು. ರಾಯಪ್ಪ ಕೆಮ್ಮಿದ.

ನಾನು ಸೀಟಿಗೆ ಒಲ್ಲೆನೆಂದೆ. ಹಗ್ಗಕ್ಕೆ ಒಲ್ಲೆನೆನ್ನಲು ಬರುವಂತಿರಲಿಲ್ಲ. ರವಿವಾರಗಳು ಬರುತ್ತಲೇ ಇದ್ದವು. ಸಡಿಲಾದ ಕಡೆ ಹಗ್ಗ ನೀರೊಳಗೆ ಮುಳುಗಿತ್ತು. ಮಕ್ಕಳು ಅದರ ಮೇಲೆ ಕಾಲಿಟ್ಟು ಜೀಕುವುದನ್ನು ಅತ್ತೆ ನೋಡಿ ಬಂದರು. ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಶುಕ್ರವಾರ ಕಾಲೇಜು ಮುಗಿಸಿ ಬೆಳಗಾವಿಯಲ್ಲೇ ಇರುವ ಶಹಾಪುರದ ಪೇಟೆಗೆ ಹೋದೆ. ಹಗ್ಗದ ಅಂಗಡಿಯಲ್ಲಿ ದಪ್ಪನೆಯ ನೈಲಾನ್ ಹಗ್ಗ ತೋರಿಸಿ, ಮಡುವಿನ ಅಗಲ ಹೇಳಿದೆ. ತಂದು ಕಟ್ಟಿಸಿ, ಕಡದ್ದನ್ನು ಅವರ ಮನೆಗೆ ಮುಟ್ಟಿಸಿ ಕೈ ತೊಳೆದುಕೊಳ್ಳುವುದೆಂದು ನಿಶ್ಚಯಿಸಿದ್ದೆ. ಅಂಗಡಿಯವರು ಅಳೆದು, ಕತ್ತರಿಸುವ ಮೊದಲು ತಕ್ಕಡಿಗೆ ಹಾಕಿದರು. ಅಷ್ಟರಲ್ಲಿ ಶಿವಲಿಂಗನ ಫೋನು.

“ಬಿಗಿ ಮಾಡಿಸಿದ್ರೇನ್ರಿ ವೈನಿ?”

“ಹೊಸಾದ ತಗೊಳಾಕತ್ತೀನಿ,” ಎಂದೆ. ಹೇಳಬಾರದಿತ್ತು.

“ಭಾಳ ಛಲೋ ಆತು ನೋಡ್ರಿ! ಆಕಾಶನ ಸ್ಮರಣಾರ್ಥ ಅಂತ ಒಂದು ಬೋರ್ಡ್ ಬರಸ್ತೀನಿ. ಮುಂದಿನ ವರ್ಷಾನೂ ಚಿಂತಿ ಇಲ್ಲ.”

ಮುಂದಿನ ವರ್ಷ. ಆಮೇಲಿನ ವರ್ಷ. ಹೊಸ ಹಗ್ಗ ಹಳತಾದಾಗ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಯಾರೋ ನಮ್ಮ ಅಂಗಳಕ್ಕೆ ಬರುತ್ತಾರೆ. ನಾನು ಮುದುಕಿಯಾದಾಗಲೂ ಬರುತ್ತಾರೆ. ಪಂಚಾಯತಿಗೆ ಹಗ್ಗವೇ ಬೇಕಾಗುವುದಿಲ್ಲ.

“ಬ್ಯಾಡ್ರಿ,” ಎಂದೆ ಅಂಗಡಿಯವರಿಗೆ.

“ಕಾಯ್ ಝಾಲಂ? ಏನಾತ್ರಿ? ಅಳದೀನಿ, ತೂಕಾ ಮಾಡೀನಿ ಬಾಯಾರ!”

“ನಾಳಿ ಬ್ಯಾರೆಯವರು ಬರ್ತಾರ್ರಿ. ತಗದಿಡ್ರಿ.”

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹಾಲು ಕಾಯಿಸುತ್ತಿದ್ದರು. ಉಕ್ಕಿ ಬಂದ ಪಾತ್ರೆಯನ್ನು ಕೆಳಗಿಳಿಸಿದರು.

“ಹಂಗಂದ್ರ ಬಿಚ್ಚೂಣು,” ಎಂದರು.

ಶನಿವಾರ ಮುಂಜಾನೆ ಮೊದಲು ಪೊಲೀಸ್ ಸ್ಟೇಷನ್ನಿಗೆ ಫೋನು ಮಾಡಿದೆ. ಮಡುವಿಗೆ ಇಂದಿನಿಂದ ಹಗ್ಗ ಇರುವುದಿಲ್ಲ, ಆದೇಶದಂತೆ ದಾರಿ ಬಂದ್ ಮಾಡಬೇಕು ಎಂದು ಹೇಳಿದೆ. ಬಿಸಿಲೇರುವ ಮುನ್ನ ಜನ ಕಳಿಸುತ್ತೇವೆ ಎಂದರು. ಆಮೇಲೆ ಇಬ್ಬರೂ ಹೊಳೆಗೆ ಇಳಿದೆವು. ನಾನು ಕುಡುಗೋಲು ಹಿಡಿದಿದ್ದೆ. ಅತ್ತೆ ಕಸಿದು ದಂಡೆಯಲ್ಲೇ ಇಟ್ಟರು. “ಮಂದಿ ಹಗ್ಗ ಅದು. ಕೊಯ್ಯಬಾರ್ದು,” ಎಂದು ಸೆರಗಿನಿಂದ ದಬ್ಬಣ ತೆಗೆದರು.

ಬಂಡೆಯ ಕಡೆಯದು ಬೇಗ ಬಿಟ್ಟಿತು. ಮಡುವಿನ ಮೇಲುಗಡೆ ಮೊಣಕಾಲು ನೀರಿನಲ್ಲಿ ದಾಟಿ ಹೋಗಿ ನಾನೇ ಬಿಚ್ಚಿ ಬಂದೆ. ಮತ್ತಿಮರದ ಗಂಟು ತೊಯ್ದು ಒಣಗಿ ಕಲ್ಲಾಗಿತ್ತು. ಆಕಾಶ ಹಾಕಿದ ಗಂಟು. ಅತ್ತೆ ಸ್ವಲ್ಪ ಹೊತ್ತು ಅದನ್ನು ಬೆರಳಲ್ಲಿ ಹಿಡಿದು ನಿಂತರು. ಆಮೇಲೆ ದಬ್ಬಣ ಹಾಕಿದರು.

ರಾಯಪ್ಪ ಓಡುತ್ತ ಬಂದ. “ಅಕ್ಕಾರ, ನಾಳಿ ರವಿವಾರ್ರಿ! ನಾ ಹಿಟ್ಟು ಕಲಸೂದೋ ಬ್ಯಾಡೋ?”

“ಅಧ್ಯಕ್ಷರನ್ನ ಕೇಳ್ರಿ.”

“ಯಾವ ಅಧ್ಯಕ್ಷರನ್ನ?”

“ಇಬ್ರನ್ನೂ ಕೇಳು,” ಎಂದರು ಅತ್ತೆ, ಗಂಟಿನಿಂದ ಕಣ್ಣು ತೆಗೆಯದೆ. “ಒಬ್ಬರರ ಹೇಳ್ತಾರ.”

ಎಳನೀರಿನವನು ಬಂದ. ಕುದುರೆಯವನು ಕುದುರೆಯೊಂದಿಗೇ ಬಂದ. ಕೊನೆಗೆ ಶಿವಲಿಂಗನ ಬೈಕು ಮರಳಿನಲ್ಲಿ ಹೂತು ನಿಂತಿತು.

“ವೈನಿ, ಏನ್ ಮಾಡಾಕತ್ತೀರಿ ಇದು! ಗಂಡನ ನೆನಪು ಅನ್ನೂದರ ಬ್ಯಾಡೇನ್ರಿ?”

“ಇದು ನೆನಪಲ್ರಿ. ಮದಾರ ಕಾಕಾನ ಹಗ್ಗ.”

“ನಾಳಿ ಒಂದಿನ ಇರ್ಲಿ. ಸೋಮವಾರ ನಾ ತರಸ್ತೀನಿ.”

“ದೀಪಾವಳ್ಯಾಗೂ ಸೋಮವಾರ ಅಂದಿದ್ರಿ.”

“ಯಾರರ ಮುಳುಗಿದ್ರ ನಿಮ್ಮ ಮ್ಯಾಲ ಬರ್ತೈತಿ, ನೋಡ್ರಿ ಮತ್ತ!”

“ಅದಕ್ಕ ಪೊಲೀಸರಿಗೆ ಹೇಳೀನಿ. ದಾರಿ ಬಂದ್ ಮಾಡಾಕ ಬರಾಕತ್ತಾರ.”

ಅವನು ದಾರಿಯ ಕಡೆ ನೋಡಿದ. ಗಾಡಿಯವರು ಅವನ ಕಡೆ ನೋಡಿದರು. ಇಷ್ಟು ದಿನಗಳಲ್ಲಿ ಹಗ್ಗದ ವಿಷಯಕ್ಕೆ ಯಾರೂ ನನ್ನ ಮುಖ ನೋಡದೆ ಇದ್ದದ್ದು ಅದೇ ಮೊದಲು.

“ನನ್ಯಾಕ ನೋಡ್ತೀರಲೇ?” ಎಂದ ಶಿವಲಿಂಗ.

“ಮತ್ತ್ಯಾರನ್ನ ನೋಡೂಣು?” ಎಂದ ರಾಯಪ್ಪ.

ಗಂಟು ಬಿಟ್ಟಿತು. ಕ್ಯಾನುಗಳನ್ನು ಬಿಚ್ಚಿ ಗಾಡಿಯವರಿಗೇ ಕೊಟ್ಟೆ. ತೊಯ್ದ ಹಗ್ಗ ಇಬ್ಬರಿಗೂ ಎತ್ತಲಾಗಲಿಲ್ಲ. ಕುದುರೆಯವನು ಒಂದು ಕಡೆ ಕೈ ಹಚ್ಚಿದ. ದಂಡೆಯ ಮೇಲೆ ನಿಲ್ಲಿಸಿದ್ದ ನನ್ನ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಸುತ್ತಿಟ್ಟು, ಕಾಲು ಆಚೀಚೆ ಮಾಡಿಕೊಂಡು ನಿಧಾನ ಓಡಿಸಿದೆ. ಅತ್ತೆ ಮನೆಗೆ ನಡೆದರು.

ಮದಾರಸಾಬರು ಅಂಗಳದಲ್ಲಿ ಬಾಡಿಗೆಯ ಹಗ್ಗ ಸುತ್ತುತ್ತಿದ್ದರು. ನನ್ನನ್ನು ಕಂಡು ಎದ್ದರು.

“ಯವ್ವಾ, ನೀವ್ಯಾಕ ತರಾಕ ಹೋದ್ರಿ? ಹೇಳಿ ಕಳಿಸಿದ್ರ ನಾ ಬರ್ತಿದ್ನಲ್ಲ.”

“ಕೇಳ್ತಿದ್ರೇನ್ರಿ ನೀವು?”

ರಾಜಬೀ ಗಟ್ಟಿಯಾಗಿ ನಕ್ಕರು. ಮದಾರಸಾಬರು ನಗಲಿಲ್ಲ. ಹಗ್ಗವನ್ನು ಮೊಳ ಮೊಳವಾಗಿ ಎಳೆದು ನೋಡಿದರು. ಮರಕ್ಕೆ ತಿಕ್ಕಿದ ಕಡೆ ಎಳೆ ಎದ್ದಿತ್ತು. “ಒಣಗಿದ್ರ ನಡೀತೈತಿ,” ಎಂದರು. ತಡವಾಯಿತು, ತಪ್ಪಾಯಿತು ಎಂದು ನಾನು ಹೇಳುವುದರಲ್ಲಿದ್ದೆ. ಅವರ ಫೋನು ಹೊಡೆದುಕೊಂಡಿತು.

ಕೇಳುತ್ತ ಕೇಳುತ್ತ ಮುಖ ಸಣ್ಣದಾಯಿತು. ಫೋನಿಗೆ ಕೈ ಅಡ್ಡ ಹಿಡಿದು ನಮ್ಮತ್ತ ನೋಡಿದರು.

“ಶಿವಲಿಂಗಪ್ಪ. ಹಗ್ಗ ಕೇಳಾಕತ್ತಾನ. ನಾಳಿ ಒಂದ ದಿನಕ್ಕಂತ.”

ಕೇಳಲು ಬಾರದ ಮನುಷ್ಯನಿಗೆ ಇಲ್ಲವೆನ್ನಲೂ ಬರುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ರಾಜಬೀ ಫೋನು ಕಿತ್ತುಕೊಂಡರು.

“ಹಗ್ಗ ಒಣಗಾಕ ಹಾಕೇವ್ರಿ. ಸೋಮವಾರ ಬಾವ್ಯಾಗ ಇಳೀತೈತಿ. ಪಂಚಾಯತಿಗೆ ಬೇಕಾದ್ರ ಪೇಟ್ಯಾಗ ಸಿಗ್ತಾವಲ್ರಿ.” ನನ್ನ ಕಡೆ ತಿರುಗಿ, “ಎಲ್ಲಿ ಸಿಗ್ತಾವು?”

“ಶಹಾಪುರದಾಗ,” ಎಂದೆ. “ಅಳದು ಇಟ್ಟಾರ.”

“ಶಹಾಪುರದಾಗ ಅಳದು ಇಟ್ಟಾರಂತ್ರಿ. ಈಗ ಹೊಂಟ್ರ ಅಂಗಡಿ ತಗದಿರ್ತದ.” ಫೋನು ಇಟ್ಟರು.

ಬೇವಿನ ಮರದಿಂದ ಗೋಡೆಯ ಕೊಂಡಿಯವರೆಗೆ ಹಗ್ಗ ಹಾಯಿಸಿದೆವು. ನೆಲಕ್ಕೆ ತಾಕದಂತೆ ಹಿಡಿಯಿರಿ ಎಂದು ಮದಾರಸಾಬರು ಹೇಳಿದರು. ಅವರು ಮರಕ್ಕೆ ಕಟ್ಟಿ ಬರುವವರೆಗೆ ನಾನು ಹಿಡಿದುಕೊಂಡಿದ್ದೆ. ಹಗ್ಗದ ನೀರು ಮೊಣಕೈವರೆಗೆ ಇಳಿದು ಬಂತು. ಮದಾರಸಾಬರು ಬಂದು ತುದಿಗೆ ಕೈ ಚಾಚಿದರು.

ಕೊಟ್ಟೆ.